ತೊಲೆ ಬೆಳ್ಳಿಯಿಂದ ತೂತಿನ ಕಾಸಿಗೆ: ಎರಡು ಮಹಾಯುದ್ಧಗಳೂ ನಮ್ಮ ರೂಪಾಯಿಯೂ

ಸೊಲ್ಲಾಪುರದ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇತ್ತು. ಅದರ ತಳದಲ್ಲಿ, ಅರಿವೆಯ ಗಂಟೊಂದರಲ್ಲಿ, ನಮ್ಮ ಆಯಿ ಕಟ್ಟಿಟ್ಟಿದ್ದ ನಾಣ್ಯಗಳು. ಆಯಿ ಎಂದರೆ ಅಜ್ಜಿ. ಈ ಭಾಗದ ಕನ್ನಡ ಮನೆಗಳಲ್ಲಿ ಹಾಗೆ ಕರೆಯುವುದು ರೂಢಿ. ಗಂಟು ಬಿಚ್ಚಿದಾಗ ಸಿಕ್ಕಿದ್ದು ಇಷ್ಟು: ವಿಕ್ಟೋರಿಯಾ ರಾಣಿಯ ಮುಖವಿದ್ದ ಏಳು ರೂಪಾಯಿ, ಆರನೆಯ ಜಾರ್ಜ್ ದೊರೆಯ ಮೂರು ರೂಪಾಯಿ, ಚಾರ್‌ಮಿನಾರಿನ ಚಿತ್ರವಿದ್ದ ಎರಡು ಹಾಲಿ ಸಿಕ್ಕಾ, ಮತ್ತು ನಡುವೆ ದೊಡ್ಡ ತೂತು ಇರುವ ಕಾಲಾಣೆಯ ಕಾಸುಗಳು ಹತ್ತಾರು. ಒಂದು ಕುಟುಂಬದ ಉಳಿತಾಯವೆಂದು ನೋಡಿದರೆ ಇದು ಬಡ ಗಂಟು. ಆದರೆ ಎರಡು ಮಹಾಯುದ್ಧಗಳ ವೆಚ್ಚವನ್ನು ಯಾರು, ಯಾವ ಬಗೆಯಲ್ಲಿ ತೆತ್ತರು ಎಂಬುದರ ಲೆಕ್ಕಪತ್ರ ಈ ಗಂಟಿನೊಳಗೇ ಇದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಲೆಕ್ಕವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯುದ್ಧ ಹೂಡಿದ ಸರಕಾರಕ್ಕೆ ಹಣ ಬರುವ ದಾರಿಗಳು ಮೂರೇ. ತೆರಿಗೆ ಹಾಕಬಹುದು, ಸಾಲ ಎತ್ತಬಹುದು, ಇವೆರಡೂ ಸಾಲದಾದಾಗ ಹಣವನ್ನೇ ಹೊಸದಾಗಿ ಹುಟ್ಟಿಸಬಹುದು. ಮೊದಲನೆಯದು ಪ್ರಜೆಗಳ ಕಣ್ಣಿಗೆ ಕಾಣುತ್ತದೆ, ಎರಡನೆಯದು ಮಕ್ಕಳ ಮೇಲೆ ಬೀಳುತ್ತದೆ. ಮೂರನೆಯದು ಯಾರ ಗಮನಕ್ಕೂ ಬಾರದೆ ಕಾಳಿನ ಅಂಗಡಿಯಲ್ಲಿ, ಬಟ್ಟೆಯ ಅಂಗಡಿಯಲ್ಲಿ ವಸೂಲಾಗುತ್ತದೆ.

ಮೊದಲು ಆ ವಿಕ್ಟೋರಿಯಾ ರೂಪಾಯಿಯ ಮಾತು. 1835ರ ಕಾಯಿದೆಯಂತೆ ಕಂಪನಿ ಸರಕಾರದ ರೂಪಾಯಿಗೆ 180 ಗ್ರೇನ್ ತೂಕ ನಿಗದಿಯಾಯಿತು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು, ಅಂದರೆ 165 ಗ್ರೇನ್, ಶುದ್ಧ ಬೆಳ್ಳಿ. ಒಂದು ರೂಪಾಯಿಯ ತೂಕವೇ ಒಂದು ತೊಲೆ. ಎಂಬತ್ತು ರೂಪಾಯಿ ತಕ್ಕಡಿಗೆ ಹಾಕಿದರೆ ಒಂದು ಸೇರು. ಅಕ್ಕಸಾಲಿಗರ ಬಳಿಯೂ ಕಿರಾಣಿ ಅಂಗಡಿಯಲ್ಲಿಯೂ ರೂಪಾಯಿ ಹಣವೂ ಆಗಿತ್ತು, ತೂಕದ ಬಟ್ಟೂ ಆಗಿತ್ತು. ಯಂತ್ರದಲ್ಲಿ ಅಚ್ಚಾದ ಕಾರಣ ನಿಜಾಮರ ಸೀಮೆಯಲ್ಲಿ ಇದಕ್ಕೆ ಕಲದಾರ ಎಂಬ ಹೆಸರು. ರೈತ ತನ್ನ ಉಳಿತಾಯವನ್ನು ಈ ನಾಣ್ಯದಲ್ಲಿ ಹೂಳಿಡುತ್ತಿದ್ದುದು ಸರಕಾರವನ್ನು ನಂಬಿ ಎಂದು ತಿಳಿಯಬಾರದು, ಬೆಳ್ಳಿಯನ್ನು ನಂಬಿ.

1893ರಲ್ಲಿ ಸರಕಾರ ಟಂಕಸಾಲೆಗಳ ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಿತು. ಅಲ್ಲಿಯವರೆಗೆ ಯಾರೇ ಬೆಳ್ಳಿ ತಂದುಕೊಟ್ಟರೂ ನಾಣ್ಯ ಮಾಡಿಕೊಡುವ ಪದ್ಧತಿಯಿತ್ತು. ಅನಂತರ ರೂಪಾಯಿಯನ್ನು ಒಂದು ಶಿಲಿಂಗ್ ನಾಲ್ಕು ಪೆನ್ನಿಗೆ, ಅಂದರೆ ಹದಿನೈದು ರೂಪಾಯಿಗೆ ಒಂದು ಪೌಂಡಿನಂತೆ, ನಿಲ್ಲಿಸಲಾಯಿತು. ಬೆಳ್ಳಿಯ ಪೇಟೆ ಬೆಲೆ ಆಗ ಅದಕ್ಕಿಂತ ಬಹಳ ಕೆಳಗಿದ್ದುದರಿಂದ ರೂಪಾಯಿ ಒಂದು ಬಗೆಯಲ್ಲಿ ಬೆಳ್ಳಿಯ ಮೇಲೆ ಮುದ್ರಿಸಿದ ನೋಟೇ ಆಗಿತ್ತು. ಹಳ್ಳಿಯವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ 1914ರವರೆಗೆ ಬರಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಭಾರತದ ಗೋಧಿ, ಸೆಣಬು, ಚರ್ಮ, ಬಟ್ಟೆ ಎಲ್ಲಕ್ಕೂ ಸೈನ್ಯದಿಂದ ಬೇಡಿಕೆ ಬಂತು. ಮೆಸೊಪೊಟೇಮಿಯಾ, ಈಜಿಪ್ತುಗಳಲ್ಲಿದ್ದ ದಂಡಿಗೆ ಇಲ್ಲಿಂದಲೇ ಸಾಮಗ್ರಿ ಹೋಗಬೇಕು. ಅದರ ಬೆಲೆಯನ್ನು ಇಲ್ಲಿ ರೂಪಾಯಿಯಲ್ಲಿ ಕೊಡಬೇಕು. ಬ್ರಿಟನ್ ಅದನ್ನು ಲಂಡನ್ನಿನಲ್ಲಿ ಪೌಂಡಿನಲ್ಲಿ ತೀರಿಸುತ್ತದೆ. ಹಳ್ಳಿಯ ಒಕ್ಕಲಿಗ ಲಂಡನ್ನಿನ ಪೌಂಡನ್ನು ಏನು ಮಾಡಿಯಾನು? ಅವನಿಗೆ ಬೇಕಾದುದು ಖಣಖಣಿಸುವ ರೂಪಾಯಿ. ಆದ್ದರಿಂದ ಟಂಕಸಾಲೆಗಳು ಹಗಲಿರುಳು ನಾಣ್ಯ ಅಚ್ಚು ಹಾಕತೊಡಗಿದವು. ಅದೇ ಹೊತ್ತಿಗೆ ಮೆಕ್ಸಿಕೊ ದೇಶದ ಅಂತಃಕಲಹದಿಂದ ಜಗತ್ತಿನ ಬೆಳ್ಳಿಯ ಉತ್ಪಾದನೆ ಕುಸಿಯಿತು. 1915ರಲ್ಲಿ ಲಂಡನ್ನಿನಲ್ಲಿ ಔನ್ಸಿಗೆ ಸುಮಾರು 27 ಪೆನ್ನಿ ಇದ್ದ ಬೆಳ್ಳಿ 1917ರ ಆಗಸ್ಟಿನಲ್ಲಿ 43 ಪೆನ್ನಿ ಮುಟ್ಟಿತು.

ಈ 43 ಎಂಬ ಅಂಕಿಯಲ್ಲಿ ಇಡೀ ಕಥೆಯ ಕೀಲಿ ಇದೆ. ಲಂಡನ್ನಿನ ಒಂದು ಔನ್ಸು ಬೆಳ್ಳಿಯಲ್ಲಿ 444 ಗ್ರೇನ್ ಶುದ್ಧ ಬೆಳ್ಳಿ. ಅದಕ್ಕೆ 43 ಪೆನ್ನಿಯಾದರೆ ರೂಪಾಯಿಯೊಳಗಿನ 165 ಗ್ರೇನಿಗೆ 16 ಪೆನ್ನಿ, ಅಂದರೆ ಸರಿಯಾಗಿ ಒಂದು ಶಿಲಿಂಗ್ ನಾಲ್ಕು ಪೆನ್ನಿ. ಇದಕ್ಕಿಂತ ಒಂದು ಪೆನ್ನಿ ಏರಿದರೂ ರೂಪಾಯಿಯನ್ನು ಚಲಾಯಿಸುವುದಕ್ಕಿಂತ ಕರಗಿಸುವುದೇ ಲಾಭ. ಸರಕಾರ ಗಾಬರಿಗೊಂಡಿತು. ಖಾಸಗಿಯವರು ಬೆಳ್ಳಿ ತರಿಸುವುದನ್ನು ನಿಷೇಧಿಸಿತು. ನಾಣ್ಯ ಕರಗಿಸುವುದು ಅಪರಾಧವಾಯಿತು. ರೂಪಾಯಿಯ ವಿನಿಮಯ ದರವನ್ನು ಬೆಳ್ಳಿಯ ಬೆನ್ನಟ್ಟಿ ಏರಿಸುತ್ತ ಹೋಯಿತು. 1917ರಲ್ಲಿ ಒಂದು ಶಿಲಿಂಗ್ ಐದು ಪೆನ್ನಿ, 1919ರ ಕೊನೆಗೆ ಎರಡು ಶಿಲಿಂಗ್ ನಾಲ್ಕು ಪೆನ್ನಿ. ಆದರೂ ಬೆಳ್ಳಿಯೇ ಮುಂದೆ ಓಡಿತು. 1920ರ ಫೆಬ್ರುವರಿಯಲ್ಲಿ ಅದು 89 ಪೆನ್ನಿಯನ್ನು ದಾಟಿತ್ತು.

ಬೆಳ್ಳಿ ಸಾಲದ ಕಡೆ ಕಾಗದ ಬಂತು. 1917ರ ನವೆಂಬರ್ 30ರಂದು ಐದನೆಯ ಜಾರ್ಜ್ ದೊರೆಯ ಚಿತ್ರವಿದ್ದ ಒಂದು ರೂಪಾಯಿಯ ನೋಟು ಹೊರಬಂತು. ಹಿಂದೆಯೇ ಎರಡೂವರೆ ರೂಪಾಯಿಯ ನೋಟು. ಎರಡಾಣೆ, ನಾಲ್ಕಾಣೆ, ಎಂಟಾಣೆಗಳನ್ನು ತಾಮ್ರ-ನಿಕ್ಕಲ್ ಮಿಶ್ರಲೋಹದಲ್ಲಿ ಹೊಡೆಯಲಾಯಿತು. ಯುದ್ಧಕ್ಕೆ ಮುಂಚೆ ಸುಮಾರು 66 ಕೋಟಿ ರೂಪಾಯಿಯಷ್ಟಿದ್ದ ನೋಟುಗಳ ಚಲಾವಣೆ 1919ರ ಹೊತ್ತಿಗೆ 150 ಕೋಟಿ ಮೀರಿತು. ಅದಕ್ಕಿಂತ ಮುಖ್ಯವಾದುದು ಇನ್ನೊಂದು ಅಂಕಿ. ಬೆಳ್ಳಿಬಂಗಾರದ ಆಧಾರವಿಲ್ಲದೆ, ಕೇವಲ ಸರಕಾರಿ ಸಾಲಪತ್ರಗಳ ಮೇಲೆ ಹೊರಡಿಸಬಹುದಾದ ನೋಟುಗಳ ಮಿತಿ 1914ರಲ್ಲಿ 14 ಕೋಟಿ ಇತ್ತು. ಕಾಯಿದೆಯನ್ನು ಮತ್ತೆ ಮತ್ತೆ ತಿದ್ದಿ 1919ರಲ್ಲಿ ಅದನ್ನು 120 ಕೋಟಿಗೆ ಏರಿಸಿದರು.

1918ರ ವಸಂತದಲ್ಲಿ ಪಶ್ಚಿಮ ರಣರಂಗದಲ್ಲಿ ಜರ್ಮನರು ಮುನ್ನುಗ್ಗಿದ ಸುದ್ದಿ ಬಂದಾಗ ಈ ಕಾಗದದ ಕಟ್ಟಡ ಅಲುಗಾಡಿತು. ಜನ ನೋಟು ಹಿಡಿದು ಕರೆನ್ಸಿ ಕಚೇರಿಗಳ ಮುಂದೆ ಸಾಲುಗಟ್ಟಿದರು. ನೋಟಿನ ಮೇಲೆ ಬರೆದ ವಚನದಂತೆ ಬೆಳ್ಳಿ ಕೊಡಲೇಬೇಕು; ಕೊಡುತ್ತ ಹೋದರೆ ಕೆಲವೇ ವಾರಗಳಲ್ಲಿ ಬೊಕ್ಕಸ ಬರಿದು. ಆಗ ಭಾರತ ಸರಕಾರದ ಮಾನ ಉಳಿಸಿದ್ದು ಅಮೆರಿಕದ ಖಜಾನೆ. 1918ರ ಏಪ್ರಿಲ್ 23ರಂದು ನೆವಾಡಾದ ಸೆನೆಟರ್ ಪಿಟ್‌ಮನ್ ಅವರ ಹೆಸರಿನ ಕಾಯಿದೆ ಅಂಗೀಕಾರವಾಗಿ, ವಾಷಿಂಗ್ಟನ್ನಿನ ಉಗ್ರಾಣದಲ್ಲಿದ್ದ ಸುಮಾರು 26 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿ, 20 ಕೋಟಿ ಔನ್ಸು ಬೆಳ್ಳಿಯನ್ನು ಭಾರತಕ್ಕಾಗಿ ಬ್ರಿಟನ್ನಿಗೆ ಮಾರಲಾಯಿತು. ಔನ್ಸಿಗೆ ಒಂದು ಡಾಲರ್ ಒಂದೂವರೆ ಸೆಂಟು. ನಾನೇ ಕೂತು ಲೆಕ್ಕ ಹಾಕಿದೆ: ಆ ಬೆಳ್ಳಿಯಿಂದ ಸುಮಾರು 58 ಕೋಟಿ ರೂಪಾಯಿ ನಾಣ್ಯ ಆಗುತ್ತದೆ. ನೆವಾಡಾದ ಗಣಿಯ ಬೆಳ್ಳಿ ಡಾಲರಾಗಿ, ಕರಗಿ, ಮುಂಬಯಿಯಲ್ಲಿ ರೂಪಾಯಿಯಾಗಿ, ಯಾವುದೋ ಜೋಳದ ಹಗೇವಿನ ಪಕ್ಕದ ಮಡಕೆಯೊಳಗೆ ಸೇರಿತು!

ತೆರಿಗೆ, ಸಾಲಗಳ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ನಮ್ಮ ಊರಿನ ಗಿರಣಿಗಳಿಗೆ ಅದರ ನಂಟು ಇದೆ. 1917ರಲ್ಲಿ ಭಾರತ ಸರಕಾರ ಬ್ರಿಟನ್ನಿನ ಯುದ್ಧವೆಚ್ಚಕ್ಕೆ 10 ಕೋಟಿ ಪೌಂಡುಗಳ ‘ಕಾಣಿಕೆ’ ನೀಡಿತು. ಆಗಿನ ದರದಲ್ಲಿ 150 ಕೋಟಿ ರೂಪಾಯಿ. ಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವರಿಗೆ ಮತವೇ ಇರಲಿಲ್ಲ. ಈ ಭಾರ ಹೊರಲು ಯುದ್ಧ ಸಾಲ ಎತ್ತಿದರು; ಅಂಚೆ ಕಚೇರಿಯ ಕ್ಯಾಶ್ ಸರ್ಟಿಫಿಕೇಟು ಹುಟ್ಟಿದ್ದು ಆಗಲೇ. ಶ್ರೀಮಂತರ ಮೇಲೆ ಸೂಪರ್ ಟ್ಯಾಕ್ಸ್ ಬಂತು. ಹೊರಗಿನಿಂದ ಬರುವ ಹತ್ತಿಬಟ್ಟೆಯ ಸುಂಕವನ್ನು ಶೇಕಡಾ ಮೂರೂವರೆಯಿಂದ ಏಳೂವರೆಗೆ ಏರಿಸಿದರು. ಇಲ್ಲಿನ ಗಿರಣಿ ಬಟ್ಟೆಯ ಮೇಲಿದ್ದ ಅಬಕಾರಿ ಸುಂಕ ಮಾತ್ರ ಮೂರೂವರೆಯಲ್ಲೇ ಉಳಿಯಿತು. ಲ್ಯಾಂಕಾಶೈರಿನ ಗಿರಣಿ ಮಾಲಿಕರು ಕೂಗಾಡಿದರು. ಇಪ್ಪತ್ತು ವರ್ಷ ನಮ್ಮವರು ಗೋಗರೆದರೂ ಸಿಗದ ರಕ್ಷಣೆಯನ್ನು ಯುದ್ಧದ ಹಣದ ಹಸಿವು ಒಂದೇ ಏಟಿಗೆ ಕೊಟ್ಟಿತು. 1877ರಲ್ಲಿ ಶುರುವಾದ ನಮ್ಮ ‘ಜುನೀ ಮಿಲ್’ ಮತ್ತದರ ನೆರೆಯ ಗಿರಣಿಗಳು ಈ ಅವಕಾಶದಲ್ಲಿ ಬೆಳೆದವು. ಬಟವಡೆಯ ದಿನ ಕಾರ್ಮಿಕರ ಕೈಗೆ ಬಂದ ಹಣದಲ್ಲಿ ಕಾಗದವೂ ಸೇರಿತ್ತು ಎಂದು ಆಯಿ ಹೇಳುತ್ತಿದ್ದಳು. ಪೇಟೆಯಲ್ಲಿ ಸರಾಫರು ವಟ್ಟ ಹಿಡಿದೇ ನೋಟು ಮುರಿಯುತ್ತಿದ್ದರಂತೆ. “ರೊಕ್ಕ ಅಂದ್ರ ಖಣ್ ಅನಬೇಕು, ಇದು ಮಳ್ಯಾಗ ತೊಯ್ದ್ರ ಹೋತು” ಎಂದು ಅವಳ ಅತ್ತೆ ನೋಟನ್ನು ಮನೆಯೊಳಗೇ ಇರಗೊಡುತ್ತಿರಲಿಲ್ಲವಂತೆ.

ಇನ್ನು ಹಾಲಿ ಸಿಕ್ಕಾ. ಸೊಲ್ಲಾಪುರದಿಂದ ರೈಲು ಹತ್ತಿ ಅಕ್ಕಲಕೋಟೆ ರೋಡ್, ದುಧನಿ ದಾಟಿದರೆ ನಿಜಾಮರ ಸೀಮೆ. ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರು, ಕಲಬುರಗಿಯ ಶರಣರ ಜಾತ್ರೆಗೆ ಹೋಗುವವರು, ಆ ಕಡೆ ಹೆಣ್ಣು ಕೊಟ್ಟವರು, ಎಲ್ಲರೂ ಅಲ್ಲಿ ಬೇರೆ ಹಣ ಬಳಸಬೇಕು. ಆರು ಕಲದಾರಕ್ಕೆ ಏಳು ಹಾಲಿ ಎಂಬುದು ಲೆಕ್ಕ. ಭಾಷೆ ಒಂದೇ, ನೆಂಟಸ್ತಿಕೆ ಒಂದೇ, ಜಾತ್ರೆ ಒಂದೇ, ರೂಪಾಯಿ ಎರಡು. ಮೊದಲ ಮಹಾಯುದ್ಧಕ್ಕೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಧಾರಾಳವಾಗಿ ಹಣ ಕೊಟ್ಟರು. ಬ್ರಿಟಿಷ್ ವಾಯುಪಡೆಯ 110ನೆಯ ದಳ ಇಂದಿಗೂ ಹೈದರಾಬಾದಿನ ಹೆಸರಿನಿಂದ ನೆನಪಾಗುವುದು ಅದರ ವಿಮಾನಗಳ ವೆಚ್ಚವನ್ನು ಅವರು ಭರಿಸಿದ್ದರಿಂದ. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ: 50 ಲಕ್ಷ ರೂಪಾಯಿ ಕೊಟ್ಟಿತು, ಅದರ ಕುದುರೆ ದಳ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿ ಗೆದ್ದಿತು. ಆದರೆ ಹೈದರಾಬಾದಿನ ಟಂಕಸಾಲೆಗೂ ಅದೇ ಬೆಳ್ಳಿಯ ಕೊರತೆ ಕಾಡಿತು. ಆದ್ದರಿಂದ 1918ರಲ್ಲಿ ಕಾಯಿದೆ ಮಾಡಿ ಸಂಸ್ಥಾನ ತನ್ನದೇ ಕಾಗದದ ನೋಟು ಹೊರಡಿಸಿತು. ಮೊದಲು ಹತ್ತು, ನೂರು. ಮರುವರ್ಷ ಒಂದು, ಐದು. ಆ ನೋಟುಗಳ ಮೇಲೆ ಉರ್ದು, ತೆಲುಗು, ಮರಾಠಿಗಳ ಜೊತೆಗೆ ಕನ್ನಡದಲ್ಲಿಯೂ ಬೆಲೆಯನ್ನು ಅಚ್ಚು ಹಾಕಿದ್ದರು. ನಮ್ಮ ಭಾಷೆಗೆ ನಿಜಾಮರ ನೋಟಿನ ಮೇಲೆ ಸ್ಥಳ ಸಿಕ್ಕಿದ್ದು ದೂರದ ಯೂರೋಪಿನ ಯುದ್ಧದ ದೆಸೆಯಿಂದ ಎಂದರೆ ವಿಚಿತ್ರವೆನಿಸುತ್ತದೆ.

ಯುದ್ಧ ಮುಗಿದ ಮೇಲಿನ ವಿನಿಮಯ ದರದ ಜಗಳವನ್ನು ಇಲ್ಲಿ ವಿಸ್ತರಿಸುವುದಿಲ್ಲ. ರೂಪಾಯಿಯನ್ನು ಎರಡು ಶಿಲಿಂಗಿಗೆ ನಿಲ್ಲಿಸುವ ಸಮಿತಿಯ ಶಿಫಾರಸನ್ನು ಅದರಲ್ಲಿದ್ದ ಒಬ್ಬನೇ ಭಾರತೀಯ, ದಾದಿಬಾ ದಲಾಲ್, ವಿರೋಧಿಸಿದರು. ಕೆಲವೇ ತಿಂಗಳಲ್ಲಿ ದರ ಕುಸಿದು ಅವರ ಮಾತೇ ನಿಜವಾಯಿತು. 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಡಾ. ಅಂಬೇಡ್ಕರರ ಗ್ರಂಥ ಲಂಡನ್ನಿನಲ್ಲಿ ಪ್ರಕಟವಾಯಿತು. ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಅವರು ಸಾಕ್ಷ್ಯ ನುಡಿದರು. ಆ ಆಯೋಗದ ಶಿಫಾರಸಿನ ಫಲವಾಗಿ 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕ್ ಕೆಲಸ ಆರಂಭಿಸಿತು. ಒಂದು ರೂಪಾಯಿಯ ನೋಟು ಅಷ್ಟರಲ್ಲಿ ನಿಂತುಹೋಗಿತ್ತು. ಆಯಿಯ ಅತ್ತೆ ಗೆದ್ದಳು ಎನ್ನಬೇಕು, ಸ್ವಲ್ಪ ಕಾಲದ ಮಟ್ಟಿಗೆ.

1940ರ ಜೂನಿನಲ್ಲಿ ಫ್ರಾನ್ಸ್ ಶರಣಾಗತವಾಯಿತು. ಮತ್ತೆ ಅದೇ ಸಾಲು, ಅದೇ ಗಾಬರಿ, ಅದೇ ಬೆಳ್ಳಿಯ ಬೇಟೆ. ಈ ಸಲ ಸರಕಾರ ಪಾಠ ಕಲಿತಿತ್ತು. ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಡುವುದನ್ನು ಅಪರಾಧವೆಂದು ಸಾರಿತು. ಮುಂಜಾಗ್ರತೆಯಿಂದ ಅಚ್ಚು ಹಾಕಿಸಿಟ್ಟಿದ್ದ ಒಂದು ರೂಪಾಯಿಯ ನೋಟನ್ನು ಜುಲೈಯಲ್ಲಿ ಹೊರತಂದಿತು. ಈ ನೋಟಿನಲ್ಲಿ ಒಂದು ಚಮತ್ಕಾರವಿತ್ತು. ಇದನ್ನು ಹೊರಡಿಸಿದ್ದು ರಿಸರ್ವ್ ಬ್ಯಾಂಕ್ ಅಲ್ಲ, ಭಾರತ ಸರಕಾರ. ಕಾನೂನಿನ ದೃಷ್ಟಿಯಲ್ಲಿ ಇದೇ ರೂಪಾಯಿ ನಾಣ್ಯ! ಆದ್ದರಿಂದ ಇದನ್ನು ಕೊಟ್ಟು ಬೆಳ್ಳಿ ಕೇಳುವ ಹಕ್ಕು ಯಾರಿಗೂ ಇಲ್ಲ. ಇವತ್ತಿಗೂ ಒಂದು ರೂಪಾಯಿಯ ನೋಟಿನ ಮೇಲೆ ಗವರ್ನರರ ಸಹಿ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ನೋಟು ಕೈಗೆ ಸಿಕ್ಕರೆ ನೋಡಬಹುದು.

ಅದೇ ವರ್ಷ ನಾಣ್ಯದ ಬೆಳ್ಳಿಯೂ ಇಳಿಯಿತು. ಹನ್ನೆರಡರಲ್ಲಿ ಹನ್ನೊಂದು ಪಾಲಿನ ಬದಲು ಅರ್ಧ ಪಾಲು ಬೆಳ್ಳಿ. ಉಳಿದದ್ದು ತಾಮ್ರ, ನಿಕ್ಕಲ್, ಸತು. ಅಂಚಿಗೆ ಹೊಸ ಬಗೆಯ ಕಚ್ಚು. ಟ್ರಂಕಿನಲ್ಲಿದ್ದ ಆರನೆಯ ಜಾರ್ಜನ ಮೂರು ರೂಪಾಯಿ ಈ ಜಾತಿಯವು. ಜೊತೆಗೆ ಹಳೆಯ ಒಳ್ಳೆಯ ರೂಪಾಯಿಗಳನ್ನು ಹಿಂದಕ್ಕೆಳೆಯುವ ಕೆಲಸ. ವಿಕ್ಟೋರಿಯಾ ರಾಣಿಯ ನಾಣ್ಯ 1941ರ ಮಾರ್ಚ್ ಕೊನೆಗೆ ಚಲಾವಣೆಯ ಮಾನ್ಯತೆ ಕಳೆದುಕೊಂಡಿತು. 1942ರಲ್ಲಿ ಎಡ್ವರ್ಡ್ ದೊರೆಯದು, 1943ರಲ್ಲಿ ಜಾರ್ಜ್ ದೊರೆಗಳ ಹಳೆಯ ಬೆಳ್ಳಿಯದು. ಖಜಾನೆಗಳಲ್ಲಿ ಇನ್ನೂ ಕೆಲವು ತಿಂಗಳು ತೆಗೆದುಕೊಳ್ಳುತ್ತಿದ್ದರು. ತೊಲೆ ಬೆಳ್ಳಿ ಕೊಟ್ಟು ಅರ್ಧ ತೊಲೆಯದನ್ನೋ ಕಾಗದವನ್ನೋ ತರಬೇಕು. ಯಾರು ಒಯ್ದಾರು? ಆಯಿ ಒಯ್ಯಲಿಲ್ಲ. ಆ ಏಳು ನಾಣ್ಯಗಳು ಆಕೆಯ ಮದುವೆಯಲ್ಲಿ ತವರಿನವರು ಉಡಿ ತುಂಬಿದವು. ಮುದ್ದತ್ತು ಮುಗಿಯಿತು, ಅವು ರೂಪಾಯಿಗಳಾಗಿ ಸತ್ತವು, ಬೆಳ್ಳಿಯಾಗಿ ಉಳಿದವು.

ಎರಡನೆಯ ಯುದ್ಧದ ನಿಜವಾದ ವೆಚ್ಚ ವಸೂಲಾದದ್ದು ನಾಣ್ಯದಲ್ಲಿ ಅಲ್ಲ. 1939ರ ನವೆಂಬರಿನ ಒಪ್ಪಂದದಂತೆ ಭಾರತದ ರಕ್ಷಣೆಗೆ ಬೇಕಾದುದನ್ನು ಭಾರತ ಕೊಡಬೇಕು, ಅದಕ್ಕೆ ಮೀರಿದ್ದನ್ನು ಬ್ರಿಟನ್ ತೀರಿಸಬೇಕು. ನೋಡಲು ನ್ಯಾಯವಾದ ಮಾತು. ತೀರಿಸುವ ಬಗೆ ಹೇಗೆ? ಒಂದು ಗಿರಣಿ ಸೈನ್ಯಕ್ಕೆ ಖಾಕಿ ಬಟ್ಟೆ ಪೂರೈಸಿತೆನ್ನಿ. ಭಾರತ ಸರಕಾರ ಗಿರಣಿಗೆ ರೂಪಾಯಿ ಕೊಡುತ್ತದೆ. ಬ್ರಿಟನ್ ಅಷ್ಟೇ ಮೊತ್ತದ ಪೌಂಡುಗಳನ್ನು ಲಂಡನ್ನಿನಲ್ಲಿ ರಿಸರ್ವ್ ಬ್ಯಾಂಕಿನ ಖಾತೆಗೆ ಬರೆಯುತ್ತದೆ. ರಿಸರ್ವ್ ಬ್ಯಾಂಕಿನ ಕಾಯಿದೆಯ ಪ್ರಕಾರ ನೋಟುಗಳ ಹಿಂದೆ ಶೇಕಡಾ 40ರಷ್ಟು ಬಂಗಾರ ಅಥವಾ ಸ್ಟರ್ಲಿಂಗ್ ಸಾಲಪತ್ರಗಳಿರಬೇಕು. ಲಂಡನ್ನಿನ ಖಾತೆ ಬೆಳೆದಷ್ಟೂ ಇಲ್ಲಿ ನೋಟು ಅಚ್ಚು ಹಾಕಲು ಕಾನೂನಿನ ಅಡ್ಡಿಯೇ ಇಲ್ಲ. ಬಟ್ಟೆ, ಧಾನ್ಯ, ಮರ, ಸಿಮೆಂಟು ಸೈನ್ಯಕ್ಕೆ ಹೋದವು; ಅವುಗಳ ಬದಲಿಗೆ ಕೊಳ್ಳಲು ಪೇಟೆಯಲ್ಲಿ ಸರಕಿಲ್ಲದ ನೋಟುಗಳು ಜನರ ಕೈಯಲ್ಲಿ ಉಳಿದವು. ಯುದ್ಧಾರಂಭದಲ್ಲಿ ಸುಮಾರು 180 ಕೋಟಿ ಇದ್ದ ನೋಟುಗಳು ಯುದ್ಧಾಂತ್ಯಕ್ಕೆ 1,100 ಕೋಟಿ ಮೀರಿದವು. ಸಗಟು ಬೆಲೆಗಳು ಎರಡು ಪಟ್ಟನ್ನು ದಾಟಿದವು. 1943ರ ಜೂನಿನಲ್ಲಿ ಬಟ್ಟೆಯ ಬೆಲೆ ಯುದ್ಧಪೂರ್ವದ ಐದು ಪಟ್ಟಿನ ಹತ್ತಿರವಿತ್ತು. ಬಟ್ಟೆಯನ್ನೇ ನೇಯುವ ಸೊಲ್ಲಾಪುರದಲ್ಲಿ ನೇಕಾರನ ಹೆಂಡತಿಗೆ ಹೊಸ ಸೀರೆ ಇಲ್ಲದ ಕಾಲ ಅದು. ಮುಂಬಯಿಯ ಅರ್ಥಶಾಸ್ತ್ರಜ್ಞ ಸಿ. ಎನ್. ವಕೀಲರು ಆ ವರ್ಷವೇ ಕುಸಿಯುತ್ತಿರುವ ರೂಪಾಯಿಯ ಬಗ್ಗೆ ಪುಸ್ತಕ ಬರೆದು ಎಚ್ಚರಿಸಿದರು. ಸರಕಾರ ಬಟ್ಟೆ ನಿಯಂತ್ರಣದ ಆಜ್ಞೆ ಹೊರಡಿಸಿತು, ಅಧಿಕ ಲಾಭದ ಮೇಲೆ ತೆರಿಗೆ ಬಿಗಿ ಮಾಡಿತು, ಮುಂಬಯಿ ಪೇಟೆಯಲ್ಲಿ ಬಂಗಾರ ಮಾರಿಸಿ ನೋಟು ಹೀರಲು ನೋಡಿತು. ಅಷ್ಟರಲ್ಲಿ ಬಂಗಾಳದಲ್ಲಿ ಸುಮಾರು ಮೂವತ್ತು ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತರು. ಆ ಕ್ಷಾಮಕ್ಕೆ ಕಾರಣಗಳು ಹಲವು. ಕೂಲಿಯವನ ದುಡಿಮೆಯನ್ನು ಹಿಂದೆ ಹಾಕಿ ಓಡಿದ ಅಕ್ಕಿಯ ಬೆಲೆ ಅವುಗಳಲ್ಲಿ ದೊಡ್ಡದು. ನಮ್ಮ ಪಕ್ಕದ ವಿಜಯಪುರ ಜಿಲ್ಲೆಯೂ 1942–43ರಲ್ಲಿ ಬರದಲ್ಲಿ ಬೆಂದಿತು.

ತೂತಿನ ಕಾಸು ಹುಟ್ಟಿದ್ದು ಆ 1943ರಲ್ಲೇ. ತಾಮ್ರವೂ ಮದ್ದುಗುಂಡಿಗೆ ಬೇಕಾದುದರಿಂದ ಕಾಲಾಣೆಯ ನಡುವೆ ಕೊರೆದು ತೆಗೆದರು. ತೂಕ ಹಳೆಯದರ ಅರ್ಧಕ್ಕಿಂತಲೂ ಕಡಿಮೆ. ಮಕ್ಕಳು ಅದನ್ನು ಉಡಿದಾರಕ್ಕೆ ಪೋಣಿಸಿಕೊಳ್ಳುತ್ತಿದ್ದರು.

ಲಂಡನ್ನಿನ ಖಾತೆಯ ಗತಿಯೇನಾಯಿತು? ಭಾರತದ ಹಳೆಯ ಸ್ಟರ್ಲಿಂಗ್ ಸಾಲ ತೀರಿ, ಅದರ ಮೇಲೆ ಸುಮಾರು 130 ಕೋಟಿ ಪೌಂಡು ನಮಗೇ ಬರಬೇಕಾದುದು ಉಳಿಯಿತು. ಶತಮಾನ ಕಾಲ ಸಾಲಗಾರನಾಗಿದ್ದ ದೇಶ ಸಾಹುಕಾರನಾಯಿತು, ಹಸಿದ ಸಾಹುಕಾರ. 1944ರಲ್ಲಿ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ಎ. ಡಿ. ಶ್ರಾಫ್ ಮೊದಲಾದ ನಮ್ಮ ಪ್ರತಿನಿಧಿಗಳು ಈ ಬಾಕಿಯ ಪ್ರಶ್ನೆ ಎತ್ತಿದರು. ಬ್ರಿಟನ್ ಅದನ್ನು ಇಬ್ಬರ ನಡುವಿನ ಮಾತೆಂದು ಬದಿಗಿಟ್ಟಿತು. ಸ್ವಾತಂತ್ರ್ಯದ ಬಳಿಕ ಹಣ ಕಂತುಕಂತಾಗಿ ಬಿಡುಗಡೆಯಾಯಿತು. ಅದರಲ್ಲಿ ಬ್ರಿಟಿಷರು ಇಲ್ಲಿ ಬಿಟ್ಟುಹೋದ ಸೈನಿಕ ಸಾಮಗ್ರಿಗೆ 10 ಕೋಟಿ ಪೌಂಡು, ನಿವೃತ್ತ ಇಂಗ್ಲಿಷ್ ಅಧಿಕಾರಿಗಳ ಪಿಂಚಣಿಗೆ ಸುಮಾರು 16.8 ಕೋಟಿ ಪೌಂಡು ವಜಾ ಆದವು. 1949ರಲ್ಲಿ ಪೌಂಡಿನ ಬೆಲೆ 4.03 ಡಾಲರಿನಿಂದ 2.80ಕ್ಕೆ ಇಳಿದಾಗ ಉಳಿದ ಬಾಕಿಯ ಕಸುವೂ ಇಳಿಯಿತು. ಹಸಿದವರ ತಟ್ಟೆಯಿಂದ ಎತ್ತಿದ್ದು ಹೀಗೆ ಮರಳಿತು, ಅದೂ ಬೇರೆಯವರ ತಟ್ಟೆಗೆ. ಇದು ನನ್ನ ಅಭಿಪ್ರಾಯ. ಅರ್ಥಶಾಸ್ತ್ರ ಓದಿದ ಮಿತ್ರರು ಆ ಹಣದಿಂದ ಯೋಜನೆಗಳ ಮೊದಲ ವರ್ಷಗಳು ನಡೆದವೆಂದು ನನ್ನನ್ನು ತಿದ್ದುತ್ತಾರೆ. ಅವರ ಮಾತೂ ಸುಳ್ಳಲ್ಲ.

ಅಮೆರಿಕದ ಬೆಳ್ಳಿಗೂ ಎರಡನೆಯ ಅಧ್ಯಾಯವಿತ್ತು. 1944–45ರಲ್ಲಿ ಭಾರತ ಅಮೆರಿಕದಿಂದ ಸುಮಾರು 22.6 ಕೋಟಿ ಔನ್ಸು ಬೆಳ್ಳಿಯನ್ನು ಕಡ ತಂದಿತ್ತು. ಈ ಸಲ ಮಾರಾಟವಲ್ಲ. ಬೆಳ್ಳಿಯನ್ನು ಬೆಳ್ಳಿಯಾಗಿಯೇ ಹಿಂದಿರುಗಿಸಬೇಕು. 1957ರ ಏಪ್ರಿಲ್ ಗಡುವು. ಸ್ವತಂತ್ರ ಭಾರತ ನಿಕ್ಕಲ್ ರೂಪಾಯಿ ಹೊರಡಿಸಿ, ಅರ್ಧ ಬೆಳ್ಳಿಯ ನಾಣ್ಯಗಳನ್ನು ಹಿಂದೆ ಪಡೆದು, ಕರಗಿಸಿ, ಶುದ್ಧ ಮಾಡಿ ಹಡಗಿಗೆ ಹೇರಿತು. ಅದೇ 1957ರ ಏಪ್ರಿಲ್ 1ರಂದು ಆಣೆ, ಪೈಗಳು ಹೋಗಿ ನಯಾ ಪೈಸೆ ಬಂತು. ಹಾಲಿ ಸಿಕ್ಕಾದ ಆಯುಷ್ಯ ಅದಕ್ಕೂ ಕೆಲವು ವರ್ಷ ಮುಂಚೆಯೇ ತೀರಿತ್ತು. ಕಲಬುರಗಿಗೂ ಸೊಲ್ಲಾಪುರಕ್ಕೂ ರೂಪಾಯಿ ಒಂದೇ ಆದಾಗ ನಡುವೆ ರಾಜ್ಯದ ಗಡಿ ಬಂದು ಕೂತಿತ್ತು.

ಕಳೆದ ವರ್ಷ ಆ ಗಂಟನ್ನು ನಮ್ಮ ಪೇಟೆಯ ಒಬ್ಬ ಸರಾಫರ ಮುಂದೆ ಬಿಚ್ಚಿದೆ. ಅವರು ವಿಕ್ಟೋರಿಯಾ ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿ ನಾದ ಕೇಳಿದರು, ತೂಗಿದರು, ಬೆಲೆ ಹೇಳಿದರು. ಜಾರ್ಜನದನ್ನು ಬೀಳಿಸಿ, “ಇದು ಲಡಾಯಿ ರೂಪಾಯಿ, ಅರ್ಧಾ ಹಿಡೀತೀನಿ” ಎಂದರು. ತೂತಿನ ಕಾಸುಗಳನ್ನು ಬೆರಳಿನಿಂದ ನನ್ನ ಕಡೆಗೇ ಸರಿಸಿದರು. ನಾನು ಯಾವುದನ್ನೂ ಮಾರಲಿಲ್ಲ. ಗಂಟು ಮತ್ತೆ ಟ್ರಂಕಿನಲ್ಲಿದೆ. ಕಾಸುಗಳಲ್ಲಿ ಒಂದನ್ನು ಮಾತ್ರ ಮೊಮ್ಮಗಳು ದಾರಕ್ಕೆ ಪೋಣಿಸಿಕೊಂಡಿದ್ದಾಳೆ.